ಮಾರ್ಷಲ್ ರಿಪೋರ್ಟ್ ಪಾಸ್, ರಸ್ತೆ ತುಂಬ ಬಿರುಕು: ಲ್ಯಾಬಲ್ಲಿ ಬಿರುಕು ಅಳೆಯುವ ಟೆಸ್ಟ್ ಇಲ್ವಾ?

ಬದಿಯಡ್ಕದವ

ಕಾಸರಗೋಡು ಕಡೆಯ ಒಂದು ರಸ್ತೆ. ಯಾವುದು, ಯಾರ ಗುತ್ತಿಗೆ ಅಂತ ಇಲ್ಲಿ ಬರೆಯುವುದಿಲ್ಲ, ಜಗಳಕ್ಕೆ ಬೇರೆ ಜಾಗ ಉಂಟು. ಅಡಿಯಲ್ಲಿ ಬಿ.ಎಂ. (ಬಿಟುಮಿನಸ್ ಮೆಕಾಡಮ್), ಮೇಲೆ ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್) ಅಂತ ಎರಡು ಡಾಮರು ಪದರ ಹಾಕಿದ್ದು, ನಮ್ಮಲ್ಲಿ ಎಲ್ಲರೂ ಬಾಯ್ತುಂಬ ಬಿಎಂಬಿಸಿ ರಸ್ತೆ ಅನ್ನುವಂಥದ್ದು. ಎರಡನೇ ಮಳೆಗಾಲ ಮುಗಿಯುವಾಗ ಎಡ ಚಕ್ರದ ಜಾಡಿನಲ್ಲಿ ಉದ್ದಕ್ಕೆ ಬಿರುಕು ಬಂತು. ಆಮೇಲೆ ಅಡ್ಡಡ್ಡ ಬಿರುಕು ಸೇರಿ, ಇಂಜಿನಿಯರುಗಳು ಮೊಸಳೆ ಬಿರುಕು ಅಂತಾರಲ್ಲ, ಆ ಜಾತಿಗೆ ತಿರುಗಿತು. ಹೊಂಡ ಇನ್ನೂ ಬಿದ್ದಿಲ್ಲ, ಬೀಳ್ತದೆ.

ರಸ್ತೆಗೆ ಹಾಕಿದ ಮಾಲಿನ (ಡಾಮರು, ಜಲ್ಲಿ ಬೆರೆಸಿದ್ದು) ಮಾರ್ಷಲ್ ಟೆಸ್ಟ್ ರಿಪೋರ್ಟನ್ನು ಮಾಹಿತಿ ಹಕ್ಕಿನಲ್ಲಿ ತರಿಸಿದೆ. ಜೊತೆಗಿನ ಪತ್ರ ಮಲಯಾಳದಲ್ಲಿ, ಪುಣ್ಯಕ್ಕೆ ಕೋಷ್ಟಕ ಇಂಗ್ಲಿಷಲ್ಲಿ. ಮಾರ್ಷಲ್ ಸ್ಟೆಬಿಲಿಟಿ 14 ಕಿಲೋನ್ಯೂಟನ್ ಚಿಲ್ಲರೆ, ಬೇಕಾದ್ದು ಬರೀ 9. ಫ್ಲೋ 2ರಿಂದ 4 ಮಿ.ಮೀ. ಒಳಗೆ. ಏರ್ ವಾಯ್ಡ್ಸ್ (ಮಾಲಿನೊಳಗೆ ಉಳಿದ ಗಾಳಿ) ಶೇ. 4. ಡಾಮರು ವಿಜಿ-30 ದರ್ಜೆಯದ್ದು. ಎಲ್ಲ ಸಾಲಿನಲ್ಲೂ ಟಿಕ್ ಹಾಕಿದ್ದಾರೆ. ಒಂದೂವರೆ ಪಟ್ಟು ಗಟ್ಟಿ ಇದ್ದ ಮಾಲು ಎರಡು ವರ್ಷದಲ್ಲಿ ಬಿರಿಯುವುದು ಹೇಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಟಿಪ್ಪರ್ ಉಪ್ಪಳ

ಲ್ಯಾಬಿಗೆ ಹೋಗುವ ಮಾಲು ಬೇರೆ, ರಸ್ತೆಗೆ ಬೀಳುವ ಮಾಲು ಬೇರೆ. ಇಷ್ಟೇ ಸಂಗತಿ.

ಕುಂಬಳೆ ಲ್ಯಾಬ್

ಟಿಪ್ಪರಣ್ಣ ಹೇಳಿದ್ದು ಕೆಲವು ಕಡೆ ನಿಜ ಇರಲೂಬಹುದು. ಆದರೆ ಮಾಲು ಒಂದೇ ಆಗಿದ್ದು, ರಿಪೋರ್ಟಿನ ಒಂದು ಅಂಕಿಯೂ ಸುಳ್ಳಲ್ಲದೆ ಇದ್ದರೂ ರಸ್ತೆ ಬಿರಿಯಬಹುದು. ಯಾಕೆ ಅಂದ್ರೆ ಮಾರ್ಷಲ್ ಟೆಸ್ಟ್ ಬಿರುಕಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಾನು ರಸ್ತೆ ಕೆಲಸದ ಕ್ವಾಲಿಟಿ ಲ್ಯಾಬಲ್ಲಿ ಇರುವವ, ದಿನಾ ಇದೇ ಕೆಲಸ. 101.6 ಮಿ.ಮೀ. ವ್ಯಾಸದ ಮೋಲ್ಡಿಗೆ ಸುಮಾರು 1,200 ಗ್ರಾಂ ಬಿಸಿ ಮಾಲು ಹಾಕಿ, ಮೇಲಿಂದ 75 ಪೆಟ್ಟು, ಮಗುಚಿ ಹಾಕಿ ಮತ್ತೆ 75. ತಣಿದ ಮೇಲೆ ಬಿಲ್ಲೆಯನ್ನು ತೆಗೆದು ತೂಕ ನೋಡಿ, 60 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡುವುದು. ಹೊರಗೆ ತೆಗೆದ ಕೂಡಲೇ ಅಡ್ಡ ಮಲಗಿಸಿ, ಎರಡು ಅರ್ಧಚಂದ್ರ ಹಿಡಿಕೆಯ ನಡುವೆ ಇಟ್ಟು, ನಿಮಿಷಕ್ಕೆ 50.8 ಮಿ.ಮೀ. ವೇಗದಲ್ಲಿ ಒತ್ತುವುದು. ಎಷ್ಟು ಭಾರ ತಡೆಯಿತೋ ಅದು ಸ್ಟೆಬಿಲಿಟಿ, ಆ ಹೊತ್ತಿಗೆ ಎಷ್ಟು ಮಿ.ಮೀ. ಅಮುಕಿತೋ ಅದು ಫ್ಲೋ. ಭಾರ ತೋರಿಸುವ ಮುಳ್ಳು ತಿರುಗಿ ಕೆಳಗಿಳಿಯಲು ಶುರುವಾದ ಕ್ಷಣ ನಾವು ಮಷಿನ್ ನಿಲ್ಲಿಸ್ತೇವೆ.

60 ಡಿಗ್ರಿ ಯಾಕೆ? ಬಿರು ಬೇಸಿಗೆಯ ಮಧ್ಯಾಹ್ನ ಡಾಮರು ರಸ್ತೆ ಅಷ್ಟು ಕಾಯ್ತದೆ. ಆಗ ಲಾರಿ ಚಕ್ರದಡಿಯಲ್ಲಿ ಮಾಲು ಅತ್ತಿತ್ತ ಸರಿದು ಜಾಡು ಬೀಳಬಾರದು, ಅದು ಈ ಟೆಸ್ಟಿನ ಚಿಂತೆ. 1930ರ ದಶಕದ ಕೊನೆಗೆ ಅಮೆರಿಕದ ಮಿಸಿಸಿಪಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ ಮಾಡಿದ ವಿಧಾನ ಇದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಸೇನೆಯ ಇಂಜಿನಿಯರುಗಳು ವಿಮಾನ ಇಳಿಯುವ ರನ್‌ವೇಗಳಿಗಾಗಿ ಅದನ್ನು ತಿದ್ದಿ ಬೆಳೆಸಿದರು. ವಿಮಾನದ ಚಕ್ರ ಹೂತು ಹೋಗದಿದ್ದರೆ ಅವರಿಗೆ ಸಾಕಿತ್ತು.

ಬಿರುಕು ಬರುವುದು ಮಾಲು ಮೆತ್ತಗಾದಾಗ ಅಲ್ಲ, ಬಿಗಿಯಾದಾಗ. 14 ಬಂತು ಅಂದರೆ ಗಟ್ಟಿ ಅಂತ ಅರ್ಥ, ಹೌದು. ಬಿರಿಯುವುದಿಲ್ಲ ಅಂತ ಅರ್ಥ ಅಲ್ಲ. ಚೆನ್ನಾಗಿ ಒಣಗಿದ ಹಲಸಿನ ಹಪ್ಪಳವೂ ಗಟ್ಟಿಯೇ, ಬಗ್ಗಿಸಿದರೆ ಪಟ್ ಅಂತ ಮುರಿಯುವುದು ಅದೇ.

ಮುಳ್ಳೇರಿಯ ಮಾಷ್ಟ್ರು

ನಿವೃತ್ತ ಭೌತಶಾಸ್ತ್ರದ ಮಾಷ್ಟ್ರು ನಾನು, ರಸ್ತೆ ನನ್ನ ವಿಷಯ ಅಲ್ಲ. ಆದರೆ ಕುಂಬಳೆಯವರು ಹೇಳಿದ್ದರಲ್ಲಿ ಒಂದು ಮಾತು ಕುತೂಹಲ ಹುಟ್ಟಿಸಿತು: ಮುಳ್ಳು ಕೆಳಗಿಳಿಯುವಾಗ ಮಷಿನ್ ನಿಲ್ಲಿಸ್ತೀರಿ ಅಂದಿರಿ. ವಸ್ತುವೊಂದು ಹೇಗೆ ಒಡೆಯುತ್ತದೆ ಅನ್ನುವ ಕಥೆ ಶುರುವಾಗುವುದೇ ಅಲ್ಲಿಂದಲ್ಲವೇ? ಗಾಜು ಮತ್ತು ರಬ್ಬರು ಒಂದೇ ಭಾರ ತಡೆದಿರಬಹುದು. ಎಷ್ಟು ಅಮುಕಿದಾಗ ಎಷ್ಟು ಭಾರ ಅಂತ ರೇಖೆ ಎಳೆದರೆ, ಶಿಖರದ ಆಮೇಲೆ ಗಾಜಿನದ್ದು ನೇರ ಕೆಳಗೆ ಬೀಳುತ್ತದೆ, ರಬ್ಬರಿನದ್ದು ಎಳೆಯುತ್ತಾ ಹೋಗುತ್ತದೆ. ಒಡೆಯಲು ತಗಲುವ ಒಟ್ಟು ಶಕ್ತಿ ಆ ರೇಖೆಯ ಕೆಳಗಿನ ಕ್ಷೇತ್ರಫಲ. ಶಿಖರ ಮಾತ್ರ ನೋಡಿ ರೇಖೆಯ ಬಾಲ ಬಿಟ್ಟುಬಿಟ್ಟರೆ ಹೇಗೆ?

ಪೆರ್ಲದ ಹುಡುಗಿ

ಮಾಷ್ಟ್ರೇ, ಈಗಿನ ಬಿರುಕಿನ ಟೆಸ್ಟುಗಳೆಲ್ಲ ಆ ಬಾಲವನ್ನೇ ಹಿಡಿದುಕೊಂಡದ್ದು! ಹೆದ್ದಾರಿ ಇಂಜಿನಿಯರಿಂಗಲ್ಲಿ ಎಂ.ಟೆಕ್ ಮಾಡ್ತಾ ಇದ್ದೇನೆ, ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ.

ಒಂದು ಐ-ಫಿಟ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. 150 ಮಿ.ಮೀ. ವ್ಯಾಸದ ಬಿಲ್ಲೆಯನ್ನು 50 ಮಿ.ಮೀ. ದಪ್ಪಕ್ಕೆ ಕೊಯ್ದು, ಅರ್ಧಚಂದ್ರವಾಗಿ ಎರಡು ಹೋಳು ಮಾಡಿ, ಚಪ್ಪಟೆ ಬದಿಯ ನಡುವಿನಲ್ಲಿ 15 ಮಿ.ಮೀ. ಆಳದ ಸಣ್ಣ ಗೀರು ಕೊಯ್ಯುವುದು. ಚಪ್ಪಟೆ ಬದಿಯನ್ನು ಎರಡು ರೋಲರ್ ಮೇಲೆ ಇಟ್ಟು ಮೇಲಿಂದ ಒತ್ತಿದರೆ ಗೀರಿನ ತುದಿಯಿಂದ ಬಿರುಕು ಹೊರಟು ಮೇಲಕ್ಕೆ ಏರ್ತದೆ. ಒಡೆಯಲು ಬೇಕಾದ ಶಕ್ತಿಯನ್ನು ಶಿಖರದ ನಂತರದ ಇಳಿಜಾರಿನಿಂದ ಭಾಗಿಸಿದರೆ ಫ್ಲೆಕ್ಸಿಬಿಲಿಟಿ ಇಂಡೆಕ್ಸ್. ಇಲಿನಾಯ್‌ನಲ್ಲಿ ಕನಿಷ್ಠ 8 ಬೇಕು. ತೊಂದರೆ ಎಂತ ಅಂದ್ರೆ ಕೊಯ್ಯುವ ಕೆಲಸ. ಗೀರಿನ ಅಗಲ 1.5 ಮಿ.ಮೀ. ಅಷ್ಟೇ. ಗರಗಸ ಸ್ವಲ್ಪ ಅಲುಗಿದರೆ ಜಲ್ಲಿಯ ಅಂಚು ಕಿತ್ತು ಬರ್ತದೆ, ಆ ಹೋಳು ಹೋಯ್ತು.

ಇನ್ನೊಂದು ಐಡಿಯಲ್-ಸಿಟಿ. ಟೆಕ್ಸಾಸ್ ಎ ಆ್ಯಂಡ್ ಎಂ ಸಾರಿಗೆ ಸಂಸ್ಥೆಯಲ್ಲಿ ಬೆಳೆದದ್ದು, ಎಎಸ್‌ಟಿಎಂ ಡಿ8225 ಅನ್ನುವ ಮಾನಕವಾಗಿ 2019ರಲ್ಲಿ ಬಂತು. ಇದರಲ್ಲಿ ಕೊಯ್ಯುವುದು, ಗೀರು ಹಾಕುವುದು, ಅಂಟಿಸುವುದು ಯಾವುದೂ ಇಲ್ಲ. ಇಡೀ ಬಿಲ್ಲೆಯನ್ನು ನಿಲ್ಲಿಸಿ, ಮೇಲೆ ಕೆಳಗೆ ಒಂದೊಂದು ಉಕ್ಕಿನ ಪಟ್ಟಿ ಇಟ್ಟು, 25 ಡಿಗ್ರಿಯಲ್ಲಿ ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ ಒತ್ತಿದರೆ ನಡುವಿನಲ್ಲಿ ಲಂಬವಾಗಿ ಸೀಳ್ತದೆ. ಹತ್ತು ಹನ್ನೆರಡು ಸೆಕೆಂಡಲ್ಲಿ ಮುಗಿಯಿತು. ಸಿಟಿ ಇಂಡೆಕ್ಸ್ (ಬಿರುಕು ತಾಳುವ ಅಂಕ) ಲೆಕ್ಕ: ಒಡೆಯಲು ತಗಲಿದ ಶಕ್ತಿ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಭಾರ ಶಿಖರದ ಶೇ. 75ಕ್ಕೆ ಇಳಿಯುವ ಹೊತ್ತಿಗೆ ಬಿಲ್ಲೆ ಎಷ್ಟು ಅಮುಕಿದೆಯೋ ಅಷ್ಟು ಅಂಕ ಹೆಚ್ಚು. ಆ ಜಾಗದಲ್ಲಿ ರೇಖೆ ಕಡಿದಾಗಿದ್ದಷ್ಟೂ ಅಂಕ ಕಡಿಮೆ. ವರ್ಜೀನಿಯಾ ರಾಜ್ಯದಲ್ಲಿ ಮೇಲ್ಪದರದ ಮಾಲಿಗೆ ಕನಿಷ್ಠ 70 ಇಟ್ಟಿದ್ದಾರೆ.

ಡಿಸ್ಕ್ ಆಕಾರದ ಡಿಸಿಟಿ ಅಂತ ಇನ್ನೊಂದು ಉಂಟು, ಅದು ಹಿಮ ಬೀಳುವ ಊರಿನವರಿಗೆ. ಚಳಿಗೆ ರಸ್ತೆ ಕುಗ್ಗಿ ಬಿರಿಯುವ ಕಾಟ ನಮ್ಮ ಪೆರ್ಲದಲ್ಲಿ ಇಲ್ಲವಲ್ಲ.

ಕೋರೆ ಕಪ್ಪುಕಲ್ಲು

ಸಣ್ಣ ಗುತ್ತಿಗೆದಾರ ನಾನು. ಎಲ್ಲರೂ ನಮ್ಮನ್ನು ಬೈಯುವುದೇ, ಇರಲಿ. ತಂಗೀ, ಟೆಕ್ಸಾಸ್, ವರ್ಜೀನಿಯಾ ಎಲ್ಲ ಕೇಳ್ಲಿಕ್ಕೆ ಚಂದ. ಟೆಂಡರಿನಲ್ಲಿ ಬರೆದದ್ದು ಮಾರ್ಷಲ್. ಬಿಲ್ ಪಾಸಾಗುವುದು ಮಾರ್ಷಲ್ ಮೇಲೆ. ನೀವು ಹೇಳುವ ಮಷಿನ್ ಎಷ್ಟು ಲಕ್ಷ? ಯಾರು ತರ್ತಾರೆ?

ಮತ್ತೊಂದು. ಬದಿಯಡ್ಕದವರೇ, ಬಿರುಕು ಎಡ ಚಕ್ರದ ಜಾಡಿನಲ್ಲಿ ಮಾತ್ರ ಅಂದ್ರಿ. ಆ ಬದಿಯಲ್ಲಿ ಚರಂಡಿ ಉಂಟಾ? ಗುಡ್ಡದ ನೀರು ಎಲ್ಲಿ ಇಳಿತದೆ? ಅಡಿಯ ಮಣ್ಣು ನೀರು ಕುಡಿದು ಕೂತರೆ ಮೇಲೆ ಚಿನ್ನ ಹಾಕಿದರೂ ಬಿರಿತದೆ. ಮಾಲನ್ನು ಮಾತ್ರ ಯಾಕೆ ಹಿಡ್ಕೊಂಡಿರಿ?

ಬದಿಯಡ್ಕದವ

ಚರಂಡಿ ಅರ್ಧ ದೂರಕ್ಕೆ ಉಂಟು. ಉಳಿದ ಅರ್ಧದಲ್ಲಿ ಪೈಪು ಹಾಕ್ಲಿಕ್ಕೆ ಅಗೆದು ಮಣ್ಣು ಮುಚ್ಚಿದ್ದಾರೆ. ಬಿರುಕು ಎರಡೂ ಅರ್ಧದಲ್ಲಿ ಉಂಟು, ಚರಂಡಿ ಇಲ್ಲದ ಕಡೆ ಜಾಸ್ತಿ.

ಕುಂಬಳೆ ಲ್ಯಾಬ್

ಕೋರೆಯವರು ಕೇಳಿದ ಎರಡೂ ಪ್ರಶ್ನೆ ಸರಿ. ನೀರಿನದ್ದು ಮೊದಲು.

ಅಡಿ ಮೆತ್ತಗಾದರೆ ಚಕ್ರ ಹೋದಾಗಲೆಲ್ಲ ಡಾಮರು ಪದರ ಹೆಚ್ಚು ಬಗ್ಗುತ್ತದೆ, ಅದರ ತಳದಲ್ಲಿ ಎಳೆತ ಹೆಚ್ಚಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ವಿನ್ಯಾಸದ ಮಾರ್ಗಸೂಚಿ ಐಆರ್‌ಸಿ 37ರ 2018ರ ಆವೃತ್ತಿಯ ಸೂತ್ರದಲ್ಲಿ ಆ ಎಳೆತದ ಘಾತಾಂಕ 3.89. ಅಂದರೆ ತಳದ ಎಳೆತ ಶೇ. 20 ಜಾಸ್ತಿಯಾದರೆ ಬಿರುಕು ಬರುವವರೆಗಿನ ಆಯುಷ್ಯ ಅರ್ಧಕ್ಕೆ ಇಳಿಯಿತು. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಹೊಡೆಯುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಹಾಗಂತ ಮಾಲನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಎಲ್ಲಿಂದ ಶುರುವಾಯಿತು ಅಂತ ತಿಳಿಯಬೇಕಾದರೆ ಬಿರುಕಿನ ಮೇಲೆಯೇ 150 ಮಿ.ಮೀ. ಕೋರ್ (ಉರುಟು ತುಂಡು) ಕತ್ತರಿಸಿ ಹೊರಗೆ ತೆಗೆದು ನೋಡಿ. ಬಿರುಕು ಮೇಲಿನ ಎರಡು ಮೂರು ಸೆಂಟಿಮೀಟರ್ ಇಳಿದು ಅಲ್ಲೇ ನಿಂತಿದ್ದರೆ ಅದು ಮೇಲಿಂದ ಹುಟ್ಟಿದ್ದು: ಡಾಮರು ಬಿಸಿಲಿಗೆ ಒಣಗಿ ಬಿಗಿದುಕೊಂಡಿದೆ, ಟಯರಿನ ಅಂಚು ಹರಿದಿದೆ. ತಳದಲ್ಲಿ ಅಗಲ, ಮೇಲೆ ಸಪೂರ ಇದ್ದರೆ ಕೆಳಗಿಂದ ಬಂದದ್ದು. ಬಿ.ಎಂ., ಬಿ.ಸಿ. ಎರಡು ತುಂಡಾಗಿ ಕೈಗೆ ಬಂದರೆ ನಡುವೆ ಟ್ಯಾಕ್ ಕೋಟ್ (ಪದರಗಳನ್ನು ಅಂಟಿಸುವ ಲೇಪ) ಹಿಡಿದಿಲ್ಲ, ಎರಡು ಪದರವೂ ಬೇರೆ ಬೇರೆಯಾಗಿ ಬಗ್ಗಿವೆ. ಕೋರಿನ ಬದಿಯ ಜಲ್ಲಿ ಬೋಳಾಗಿ ಬೆಳ್ಳಗೆ ಕಂಡರೆ ನೀರು ಡಾಮರನ್ನು ಕಲ್ಲಿನಿಂದ ಬಿಡಿಸಿದೆ. ಐದು ನಿಮಿಷದ ನೋಟಕ್ಕೆ ಇಷ್ಟು ಸಿಕ್ತದೆ, ಯಾವ ಮಷಿನ್ನೂ ಬೇಡ.

ಈಗ ಮಷಿನ್ ವಿಷಯ. ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಊಟ ಮಾಡಿ ಬರ್ತೇನೆ.

ಟಿಪ್ಪರ್ ಉಪ್ಪಳ

ಪ್ಲಾಂಟಿನಿಂದ ಸೈಟಿಗೆ ಎರಡು ಗಂಟೆ ದಾರಿ, ಮೇಲೆ ಟಾರ್ಪಾಲು ಅರ್ಧ ಹರಿದದ್ದು, ಹೈವೇಯಲ್ಲಿ ಬ್ಲಾಕ್. ಅದೆಲ್ಲ ನಿಮ್ಮ ಯಾವ ಟೆಸ್ಟಲ್ಲಿ ಬರ್ತದೆ?

ಕುಂಬಳೆ ಲ್ಯಾಬ್

ಟಿಪ್ಪರಣ್ಣ, ಅದು ಬರುವುದು ರೋಲರ್ ಕೆಳಗೆ. ಕೇಂದ್ರ ಹೆದ್ದಾರಿ ಸಚಿವಾಲಯದ ಸ್ಪೆಸಿಫಿಕೇಶನ್ ಪ್ರಕಾರ ವಿಜಿ-30 ಮಾಲು ಹಾಸುವಾಗ ಕಡಿಮೆ ಅಂದರೂ 140 ಡಿಗ್ರಿ ಇರಬೇಕು, ರೋಲರ್ ಕೆಲಸ 90ಕ್ಕಿಂತ ಮೊದಲು ಮುಗಿಯಬೇಕು. ತಣಿದ ಮಾಲು ಎಷ್ಟು ಉರುಳಿಸಿದರೂ ಕೂರುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ದಾರಿಯಲ್ಲಿ ತಣಿಯುತ್ತದೆ ಅಂತ ಪ್ಲಾಂಟಲ್ಲೇ 180, 190ಕ್ಕೆ ಕಾಯಿಸಿ ಕಳಿಸಿದರೆ ಡಾಮರು ಅಲ್ಲೇ ಸುಟ್ಟು ಮುದಿಯಾಗುತ್ತದೆ. ಹಾಗೆ ಸುಟ್ಟ ಮಾಲಿನ ಮಾರ್ಷಲ್ ಸ್ಟೆಬಿಲಿಟಿ ಕಡಿಮೆ ಬರುವುದಿಲ್ಲ, ಏರುತ್ತದೆ! ಬದಿಯಡ್ಕದವರ 14ರ ಬಗ್ಗೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ ಬಂದದ್ದು ಅದಕ್ಕೇ.

ಕೋರೆಯವರೇ, ನನ್ನ ಮುಖ್ಯ ಮಾತು ಇದು. ಹೊಸ ಮಷಿನ್ ಬೇಕಾಗಿಲ್ಲ.

ಟಿಎಸ್‌ಆರ್ ಟೆಸ್ಟ್ (ನೀರು ಕುಡಿದ ಮೇಲೆ ಮಾಲಿನ ಬಲ ಎಷ್ಟು ಉಳಿಯುತ್ತದೆ ಅಂತ ನೋಡುವುದು) ಈಗಾಗಲೇ ಕಡ್ಡಾಯ, ಕನಿಷ್ಠ ಶೇ. 80 ಬರಬೇಕು. ಅದನ್ನು ಮಾಡುವುದು ಹೇಗೆ? ಏರ್ ವಾಯ್ಡ್ಸ್ ಶೇ. 7ರ ಆಸುಪಾಸು ಇರುವ ಹಾಗೆ ಬಿಲ್ಲೆ ಮಾಡಿ ಎರಡು ಗುಂಪು ಮಾಡ್ತೇವೆ. ಒಂದು ಗುಂಪಿಗೆ ನೀರು ಕುಡಿಸಿ, ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, 60 ಡಿಗ್ರಿ ನೀರಲ್ಲಿ ಒಂದು ದಿನ ಇಡ್ತೇವೆ. ಇನ್ನೊಂದು ಗುಂಪು ಒಣ. ಕೊನೆಗೆ ಎಲ್ಲವನ್ನೂ 25 ಡಿಗ್ರಿಗೆ ತಂದು, ಉಕ್ಕಿನ ಪಟ್ಟಿಯ ನಡುವೆ ನಿಲ್ಲಿಸಿ, ಮಾರ್ಷಲ್ ಮಷಿನ್ನಲ್ಲೇ ಸೀಳ್ತೇವೆ. ಶಿಖರದ ಅಂಕಿ ಬರೆದು, ಹಸಿಯದ್ದನ್ನು ಒಣದ್ದರಿಂದ ಭಾಗಿಸಿದರೆ ಟಿಎಸ್‌ಆರ್.

ಈಗ ಪೆರ್ಲದ ತಂಗಿ ಹೇಳಿದ ಐಡಿಯಲ್-ಸಿಟಿ ನೋಡಿ. ವಾಯ್ಡ್ಸ್ ಶೇ. 7, ತಾಪ 25, ವೇಗ 50, ಉಕ್ಕಿನ ಪಟ್ಟಿ. ಟಿಎಸ್‌ಆರಿನ ಒಣ ಗುಂಪಿಗೆ ನಾವು ಮಾಡುವುದು ಇದನ್ನೇ! ವ್ಯತ್ಯಾಸ ಎಂತ ಅಂದ್ರೆ ಅವರು ರೇಖೆ ಪೂರ್ತಿ ದಾಖಲು ಮಾಡ್ತಾರೆ, ಸೆಕೆಂಡಿಗೆ ಕನಿಷ್ಠ 40 ಬಿಂದು. ನಾವು ಮುಳ್ಳಿನ ಶಿಖರ ಬರೆದು, ಸೀಳಿದ ಬಿಲ್ಲೆಯನ್ನು ಬಕೆಟಿಗೆ ಹಾಕ್ತೇವೆ. ಭಾರ ಅಳೆಯುವ ಪ್ರೂವಿಂಗ್ ರಿಂಗ್ ಜಾಗದಲ್ಲಿ ಎಲೆಕ್ಟ್ರಾನಿಕ್ ಲೋಡ್ ಸೆಲ್, ಅಮುಕಿದ್ದನ್ನು ಅಳೆಯುವ ಡಯಲ್ ಗೇಜಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಎಲ್‌ವಿಡಿಟಿ, ಎರಡನ್ನೂ ದಾಖಲು ಮಾಡುವ ಒಂದು ಡೇಟಾ ಲಾಗರ್. ಈಗ ಬರುವ ಡಿಜಿಟಲ್ ಮಾರ್ಷಲ್ ಮಷಿನ್‌ಗಳಲ್ಲಿ ಕೆಲವಕ್ಕೆ ಇದು ಇದ್ದೇ ಇರ್ತದೆ, ಕೇಬಲ್ ಮಾತ್ರ ಪೊಟ್ಟಣ ಒಡೆಯದೆ ಕಪಾಟಿನಲ್ಲಿ ಬಿದ್ದಿರ್ತದೆ.

ಹೇಗೂ ಒಡೆಯುವ ಬಿಲ್ಲೆಯಿಂದ ಸಿಗುವ ಮಾಹಿತಿಯಲ್ಲಿ ಮುಕ್ಕಾಲು ಪಾಲನ್ನು ನಾವು ದಿನಾ ಎಸೀತಾ ಇದ್ದೇವೆ, ಅದೇ ನನ್ನ ಸಂಕಟ.

ಮುಳ್ಳೇರಿಯ ಮಾಷ್ಟ್ರು

ಇದು ಮನಸ್ಸಿಗೆ ಹಿಡಿಯಿತು. ಆದರೂ ಒಂದು ಸಂಶಯ. ಹಾಗೆ ಬಂದ ಅಂಕವನ್ನು ವರ್ಜೀನಿಯಾದ 70ರ ಜೊತೆ ಇಟ್ಟು ಪಾಸು, ಫೇಲು ಹೇಳಬಹುದೇ? ಅವರ ಬಿಲ್ಲೆ 150 ಮಿ.ಮೀ., ನಿಮ್ಮದು 101.6.

ಪೆರ್ಲದ ಹುಡುಗಿ

ಹೇಳಬಾರದು ಮಾಷ್ಟ್ರೇ. 150 ಮಿ.ಮೀ. ಬಿಲ್ಲೆಯನ್ನು ಅವರು ಗೈರೇಟರಿ ಕಾಂಪ್ಯಾಕ್ಟರಲ್ಲಿ ತಿರುಗಿಸಿ ಒತ್ತಿ ಮಾಡ್ತಾರೆ, ನಾವು ಸುತ್ತಿಗೆಯಲ್ಲಿ ಬಡಿದು. ಜಲ್ಲಿ ಒಳಗೆ ಕೂರುವ ರೀತಿಯೇ ಬೇರೆ. 100 ಮಿ.ಮೀ. ಬಿಲ್ಲೆಯಲ್ಲೂ ಟೆಸ್ಟ್ ಮಾಡಬಹುದು, ಆದರೆ ಮಿತಿ ನಾವೇ ಕಟ್ಟಿಕೊಳ್ಳಬೇಕು. ಒಳ್ಳೆಯದಾಗಿ ಬಾಳಿದ ನಮ್ಮ ರಸ್ತೆಗಳ ಮಾಲು ಎಷ್ಟು ಕೊಡ್ತದೆ, ಬೇಗ ಬಿರಿದದ್ದು ಎಷ್ಟು ಕೊಡ್ತದೆ ಅಂತ ನೋಡಿ.

ತಾಪದ ಪ್ರಶ್ನೆಯೂ ಉಂಟು. 25 ಡಿಗ್ರಿ ಅನ್ನುವುದು ಪಿಜಿ 64-22 ದರ್ಜೆಯ (ತಾಳುವ ಬಿಸಿ, ಚಳಿಯ ತಾಪವೇ ಹೆಸರಾದ) ಡಾಮರಿಗೆ ಹೊಂದುವ ಮಧ್ಯಮ ತಾಪ: 64 ಮತ್ತು ಮೈನಸ್ 22 ಕೂಡಿಸಿ, ಅರ್ಧ ಮಾಡಿ, 4 ಸೇರಿಸಿದರೆ 25. ಅದೇ ಲೆಕ್ಕ 76-10ಕ್ಕೆ ಹಾಕಿದರೆ 37 ಬರ್ತದೆ. ನಮ್ಮ ಐಆರ್‌ಸಿ 37 ರಸ್ತೆಯ ವಿನ್ಯಾಸ ಮಾಡುವುದೇ 35 ಡಿಗ್ರಿಯ ಲೆಕ್ಕದಲ್ಲಿ. ಕರಾವಳಿಯ ರಸ್ತೆಗೆ 25 ಸರಿಯಾ, 35 ಸರಿಯಾ ಅನ್ನುವುದು ವಾದದ ವಿಷಯ. ನನ್ನ ಪ್ರಕಾರ ಸದ್ಯಕ್ಕೆ 25 ಸಾಕು, ಹೋಲಿಸುವವರೆಲ್ಲ ಒಂದೇ ತಾಪದಲ್ಲಿ ಮಾಡಿದರೆ ಆಯ್ತು.

ಇನ್ನೊಂದು ದೊಡ್ಡ ಹಿಕ್ಮತ್ತು ಹೇಳ್ತೇನೆ, ಇದು ಗೊತ್ತಿಲ್ಲದಿದ್ದರೆ ಈ ಟೆಸ್ಟಲ್ಲಿ ಯಾರೂ ಯಾರನ್ನೂ ಮೋಸ ಮಾಡಬಹುದು. ಬಿಲ್ಲೆಯಲ್ಲಿ ಗಾಳಿ ಜಾಸ್ತಿ ಇದ್ದರೆ ಸಿಟಿ ಇಂಡೆಕ್ಸ್ *ಹೆಚ್ಚು* ಬರ್ತದೆ. ಐ-ಫಿಟ್‌ನಲ್ಲೂ ಹಾಗೇ.

ಬದಿಯಡ್ಕದವ

ಅಂದ್ರೆ ಸರಿಯಾಗಿ ಬಡಿಯದ ಮಾಲಿಗೆ ಜಾಸ್ತಿ ಮಾರ್ಕಾ? ಇದೆಂತ ಮಾರಾಯ್ರೆ!

ಪೆರ್ಲದ ಹುಡುಗಿ

ಹೌದಣ್ಣ. ಸಡಿಲ ಇದ್ದ ಬಿಲ್ಲೆಯ ಶಿಖರ ಕೆಳಗೆ ಬರ್ತದೆ, ಇಳಿಜಾರು ನಿಧಾನ ಆಗ್ತದೆ. ಇಳಿಜಾರು ಛೇದದಲ್ಲಿ ಇರುವುದರಿಂದ ಅಂಕ ಮೇಲೇರ್ತದೆ. ರಸ್ತೆಯಲ್ಲಿ ಮಾತ್ರ ಅದೇ ಗಾಳಿ ಶತ್ರು. ಅದಕ್ಕೇ ಶೇ. 7ರಿಂದ ಅರ್ಧ ಆಚೀಚೆ ಹೋದ ಬಿಲ್ಲೆಯನ್ನು ಬಳಸಬಾರದು ಅಂತ ನಿಯಮ. ವಾಯ್ಡ್ಸ್ ಬರೆಯದೆ ಸಿಟಿ ಇಂಡೆಕ್ಸ್ ಮಾತ್ರ ಬರೆದ ರಿಪೋರ್ಟ್ ಬಂದರೆ ತೆಗೆದು ಬದಿಗಿಡಿ. ಒಂದೇ ಮಾಲಿನ ಬಿಲ್ಲೆಗಳಲ್ಲೂ ಅಂಕ ಶೇ. 15–20 ಅತ್ತಿತ್ತ ಆಗುವುದು ಮಾಮೂಲು. ಒಂದೇ ಬಿಲ್ಲೆ ಒಡೆದು ತೀರ್ಪು ಕೊಟ್ಟರೆ ಅದಕ್ಕೂ ಬೆಲೆ ಇಲ್ಲ.

ರಸ್ತೆಯಲ್ಲಿ ಗಾಳಿ ಎಷ್ಟು ಕೆಟ್ಟದ್ದು ಅಂತ ಐಆರ್‌ಸಿ 37ರ ಸೂತ್ರದಲ್ಲೇ ಕಾಣ್ತದೆ. ಅದರಲ್ಲಿ ಸಿ ಅಂತ ಒಂದು ಗುಣಕ ಉಂಟು, ಅದು ನಿಂತಿರುವುದು ಡಾಮರಿನ ಪ್ರಮಾಣ ಮತ್ತು ಗಾಳಿಯ ಪ್ರಮಾಣದ ಮೇಲೆ. ತಳದ ಡಾಮರು ಪದರದಲ್ಲಿ ಗಾಳಿ ಶೇ. 3.5, ಕಲ್ಲು ಹೀರದೆ ಉಳಿದ ಡಾಮರು ಗಾತ್ರದಲ್ಲಿ ಶೇ. 11.5 ಇದ್ದರೆ ಸಿ 2.35 ಬರ್ತದೆ. ಅದೇ ಮಾಲನ್ನು ರಸ್ತೆಯಲ್ಲಿ ಶೇ. 8 ಗಾಳಿ ಉಳಿಯುವ ಹಾಗೆ ಉರುಳಿಸಿ ಬಿಟ್ಟರೆ ಸಿ ಸುಮಾರು 0.29. ಉಳಿದದ್ದೆಲ್ಲ ಹಾಗೇ ಇದೆ ಅಂತ ಇಟ್ಟುಕೊಂಡರೂ ಆಯುಷ್ಯ ಎಂಟರಲ್ಲಿ ಒಂದು ಪಾಲಿಗೆ ಬಂತು. ಶೇ. 8 ಅಂತ ಸುಮ್ಮನೆ ಹೇಳಿದ್ದಲ್ಲ. ರಸ್ತೆಯ ಕೋರಿನ ಸಾಂದ್ರತೆ, ಗಾಳಿಯೇ ಇಲ್ಲದ ಮಾಲಿನ ಗರಿಷ್ಠ ಸಾಂದ್ರತೆಯ ಶೇ. 92 ಇದ್ದರೆ ಪಾಸ್ ಅಂತ ಸ್ಪೆಸಿಫಿಕೇಶನ್, ಅಂದರೆ ಗಾಳಿ ಶೇ. 8 ಇದ್ದರೂ ಪಾಸ್!

ಕೋರೆ ಕಪ್ಪುಕಲ್ಲು

ಲಾರಿ ಓಡಿ ಓಡಿ ಆಮೇಲೆ ಕೂರ್ತದೆ ತಂಗೀ. ಶೇ. 8 ಹಾಗೇ ಉಳಿಯುವುದಿಲ್ಲ.

ಕುಂಬಳೆ ಲ್ಯಾಬ್

ಚಕ್ರದ ಜಾಡಿನಲ್ಲಿ ಸ್ವಲ್ಪ ಕೂರ್ತದೆ, ಒಪ್ಪಿದೆ. ಕೂರುವುದಕ್ಕೆ ಮೊದಲೇ ಜೂನ್ ಬಂದರೆ? ಮಾರ್ಚ್ ಕೊನೆಗೆ ಫಂಡ್ ಮುಗಿಸ್ಲಿಕ್ಕೆ ಗಡಿಬಿಡಿಯಲ್ಲಿ ಹಾಕಿದ ರಸ್ತೆಗೆ ಕೂರಲು ಎರಡು ತಿಂಗಳು ಸಿಕ್ತದೆ. ಶೇ. 8 ಗಾಳಿ ಇದ್ದರೆ ರಂಧ್ರಗಳು ಒಂದಕ್ಕೊಂದು ಸೇರಿಕೊಂಡು ನೀರು ಒಳಗಿಳಿಯುತ್ತದೆ.

ಟಿಪ್ಪರ್ ಉಪ್ಪಳ

ಈಗ ಸರಿಯಾದ ಜಾಗಕ್ಕೆ ಬಂದ್ರಿ.

ಕೋರೆ ಕಪ್ಪುಕಲ್ಲು

ಸರಿ, ಬಿರುಕಿನ ಟೆಸ್ಟ್ ಬಂತು ಅಂತ ಇಟ್ಟುಕೊಳ್ಳುವ. ಅಂಕ ಏರಿಸ್ಲಿಕ್ಕೆ ನಾನು ಎಂತ ಮಾಡ್ತೇನೆ? ಡಾಮರು ಜಾಸ್ತಿ ಹಾಕ್ತೇನೆ. ಆಗ ಏಪ್ರಿಲ್ ಬಿಸಿಲಿಗೆ ಡಾಮರು ಮೇಲೆ ಉಕ್ಕಿ ಬರ್ತದೆ, ಬಸ್ ನಿಲ್ಲುವಲ್ಲಿ ಜಾಡು ಬೀಳ್ತದೆ, ಬೈಕಿನವ ಜಾರ್ತಾನೆ. ಮತ್ತೆ ಬೈಗುಳ ಯಾರಿಗೆ?

ಪೆರ್ಲದ ಹುಡುಗಿ

ನೂರಕ್ಕೆ ನೂರು ಸರಿ ಅಣ್ಣ. ಅದಕ್ಕೇ ಬಿರುಕಿನ ಟೆಸ್ಟನ್ನು ಒಂಟಿಯಾಗಿ ಇಡಬಾರದು. ಜಾಡಿನ ಟೆಸ್ಟ್ ಜೊತೆಗೆ ಬೇಕು. ಹ್ಯಾಂಬರ್ಗ್ ಮಷಿನ್ ಅಂತ ಉಂಟು, ಬಿಸಿ ನೀರಲ್ಲಿ ಮುಳುಗಿದ ಬಿಲ್ಲೆಯ ಮೇಲೆ ಉಕ್ಕಿನ ಚಕ್ರ ಹೋಗಿ ಬಂದು ಮಾಡ್ತದೆ, 20,000 ಸಲದವರೆಗೆ, ಎಷ್ಟು ಆಳ ಜಾಡು ಬಿತ್ತು ಅಂತ ನೋಡುವುದು. ಒಂದು ಟೆಸ್ಟ್ ಡಾಮರನ್ನು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಎರಡೂ ಒಪ್ಪುವ ನಡುವಿನ ಪ್ರಮಾಣ ಹುಡುಕುವುದಕ್ಕೆ ಬ್ಯಾಲೆನ್ಸ್ಡ್ ಮಿಕ್ಸ್ ಡಿಸೈನ್ ಅಂತಾರೆ. ಇಬ್ಬರೂ ಒಪ್ಪುವ ಜಾಗವೇ ಸಿಗದಿದ್ದರೆ ಡಾಮರೋ ಜಲ್ಲಿಯೋ ಬದಲಾಗಬೇಕು.

ಬದಿಯಡ್ಕದವ

ಪ್ಲಾಸ್ಟಿಕ್ ಹಾಕಿದ ರಸ್ತೆ? ರಬ್ಬರ್ ಹಾಕಿದ ಡಾಮರು? ನಮ್ಮಲ್ಲಿ ತೋಟದಲ್ಲಿ ರಬ್ಬರಿಗೆ ಬೆಲೆ ಇಲ್ಲ ಅಂತ ಅಳುವವರೇ, ರಸ್ತೆಗಾದರೂ ಹೋಗಲಿ.

ಕುಂಬಳೆ ಲ್ಯಾಬ್

ರಬ್ಬರಿನ ವಿಷಯದಲ್ಲಿ ಒಳ್ಳೆಯ ಕಣ್ಣಾರೆ ನೋಡುವ ಟೆಸ್ಟ್ ಒಂದುಂಟು, ಇಲಾಸ್ಟಿಕ್ ರಿಕವರಿ. ಡಾಮರಿನ ಎಳೆಯನ್ನು 15 ಡಿಗ್ರಿ ನೀರಿನೊಳಗೆ 10 ಸೆಂ.ಮೀ. ಎಳೆದು, ನಡುವಿನಲ್ಲಿ ಕತ್ತರಿ ಹಾಕಿ ಒಂದು ಗಂಟೆ ಬಿಡುವುದು. ಬರೀ ವಿಜಿ-30 ಎಳೆ ಕತ್ತರಿಸಿದಲ್ಲೇ ಹೆಚ್ಚುಕಮ್ಮಿ ಬಿದ್ದಿರ್ತದೆ. ರಬ್ಬರೋ ಪಾಲಿಮರೋ ಸರಿಯಾಗಿ ಬೆರೆತದ್ದು ಎರಡೂ ತುದಿ ಹಿಂದಕ್ಕೆ ಸರಿದು ಕುಗ್ಗಿಕೊಳ್ತದೆ. ಬಿರುಕಿಗೆ ಅಂಥ ಡಾಮರು ಸಹಾಯ ಮಾಡ್ತದೆ, ಸಂಶಯ ಇಲ್ಲ. ಡಬ್ಬದ ಮೇಲೆ ಬರೆದದ್ದು ಡಬ್ಬದ ಒಳಗೆ ಇದ್ದರೆ.

ಪ್ಲಾಸ್ಟಿಕ್ಕನ್ನು ನಮ್ಮಲ್ಲಿ ಬಿಸಿ ಜಲ್ಲಿಯ ಮೇಲೆ ಹಾಕಿ ಕಲ್ಲಿಗೆ ಲೇಪ ಮಾಡ್ತಾರೆ, ಐಆರ್‌ಸಿ ಎಸ್‌ಪಿ 98 ಅಂತ 2013ರಲ್ಲಿ ಮೊದಲು ಬಂದ ಮಾರ್ಗಸೂಚಿ ಉಂಟು. ಮಾರ್ಷಲ್ ಅಂಕ ಚೆನ್ನಾಗಿ ಏರ್ತದೆ. ಬಿರುಕಿಗೆ ಒಳ್ಳೆಯದಾ ಅಂತ ಕೇಳಿದರೆ, ಮಾರ್ಷಲ್ ಏರಿತು ಅನ್ನುವುದು ಉತ್ತರ ಅಲ್ಲ. ಇಷ್ಟು ಹೊತ್ತು ಅದನ್ನೇ ಹೇಳ್ತಾ ಇರುವುದು.

ಮುಳ್ಳೇರಿಯ ಮಾಷ್ಟ್ರು

ಒಂದು ಸಲ ಒತ್ತಿ ಸೀಳುವುದಕ್ಕೂ, ಲಕ್ಷ ಸಲ ಸ್ವಲ್ಪ ಸ್ವಲ್ಪ ಬಗ್ಗಿ ದಣಿದು ಬಿರಿಯುವುದಕ್ಕೂ ಸಂಬಂಧ ಇದೆಯೇ? ರಸ್ತೆಯಲ್ಲಿ ಆಗುವುದು ಎರಡನೆಯದು.

ಪೆರ್ಲದ ಹುಡುಗಿ

ಎರಡನೆಯದಕ್ಕೆ ಬೇರೆಯೇ ಟೆಸ್ಟ್, ನಾಲ್ಕು ಬಿಂದುವಿನ ತೊಲೆ ಬಾಗಿಸುವುದು. ಮಾಲಿನ ಹಲಗೆ ಮಾಡಿ 380 ಮಿ.ಮೀ. ಉದ್ದ, 63 ಅಗಲ, 50 ದಪ್ಪದ ತೊಲೆ ಕೊಯ್ದು, 20 ಡಿಗ್ರಿಯಲ್ಲಿ ಸೆಕೆಂಡಿಗೆ 10 ಸಲ ಬಗ್ಗಿಸುವುದು. ಬಿಗಿತ ಮೊದಲಿನ ಅರ್ಧಕ್ಕೆ ಇಳಿದರೆ ಸತ್ತಿತು ಅಂತ ಲೆಕ್ಕ. ಹತ್ತು ಲಕ್ಷ ಸಲ ಅಂದರೆ ಒಂದೇ ತೊಲೆಗೆ 28 ಗಂಟೆ ಮಷಿನ್ ಓಡಬೇಕು, ನಡುವೆ ಕರೆಂಟ್ ಹೋದರೆ ಮೊದಲಿಂದ. ನಮ್ಮೂರಿನ ಕರೆಂಟಿನಲ್ಲಿ ಇದು ಪಂಚಾಯತ್ ರಸ್ತೆಗೆ ಆಗುವ ಹೋಗುವ ಮಾತಲ್ಲ. ಸೀಳುವ ಟೆಸ್ಟ್ ಅದರ ಬದಲಿ ಅಲ್ಲ, ಜರಡಿ: ತೀರಾ ಬಿರುಸಾದ ಮಾಲನ್ನು ರಸ್ತೆಗೆ ಹೋಗುವ ಮೊದಲು ಹಿಡಿಯುತ್ತದೆ.

ಮುದಿಯಾದ ಮಾಲಿನದ್ದೂ ನೋಡಬೇಕು. ಇವತ್ತಿನ ಮಾಲು ಇವತ್ತು ಚೆನ್ನಾಗಿಯೇ ಇರ್ತದೆ. ಬಿಲ್ಲೆಯನ್ನು 85 ಡಿಗ್ರಿ ಒವನ್ನಿನಲ್ಲಿ ಐದು ದಿನ ಇಟ್ಟು ಆಮೇಲೆ ಸೀಳಿದರೆ ಕೆಲವು ಮಾಲಿನ ಅಂಕ ನೆಲ ಕಚ್ಚುತ್ತದೆ.

ಬದಿಯಡ್ಕದವ

ಹಾಗಾದರೆ ಈಗ ನಾನು ಎಂತ ಮಾಡಲಿ? ರಸ್ತೆ ಬದಿಯ ಡಿಎಲ್‌ಪಿ ಬೋರ್ಡ್ ನೋಡಿದೆ, ಗುತ್ತಿಗೆದಾರನೇ ರಿಪೇರಿ ಮಾಡಿ ಕೊಡಬೇಕಾದ ಅವಧಿ ಇನ್ನೂ ಮುಗಿದಿಲ್ಲ. ರಸ್ತೆಯಿಂದ ಕೋರ್ ತೆಗೆಸಿ ಈ ಸಿಟಿ ಟೆಸ್ಟ್ ಮಾಡಿಸಿದರೆ ಆಗ್ತದಾ?

ಕುಂಬಳೆ ಲ್ಯಾಬ್

ಮಾಡಿಸಬಹುದು, ಆದರೆ ಅದನ್ನು ಹಿಡಿದು ಹೋರಾಡ್ಲಿಕ್ಕೆ ಹೋಗಬೇಡಿ. ಎರಡು ವರ್ಷ ಬಿಸಿಲು ತಿಂದ ಮಾಲಿನ ಅಂಕ ಹೇಗೂ ಕಡಿಮೆ ಬರ್ತದೆ, ಹಾಕಿದ ದಿನ ಎಷ್ಟಿತ್ತು ಅಂತ ಅದರಿಂದ ಹೇಳ್ಲಿಕ್ಕೆ ಆಗುವುದಿಲ್ಲ. ಬಿ.ಸಿ. 30 ಮಿ.ಮೀ. ಮಾತ್ರ ಇದ್ದರೆ ಬಿಲ್ಲೆ ತೆಳ್ಳಗಾಯ್ತು. ಗಾಳಿ ಶೇ. 7 ಇರುವುದಿಲ್ಲ. ಯಾವ ಇಂಜಿನಿಯರೂ ಐದು ನಿಮಿಷದಲ್ಲಿ ಅದನ್ನು ತಳ್ಳಿ ಹಾಕ್ತಾನೆ.

ನಾನಾದರೆ ಕೇಳುವುದು ಬೇರೆ. ಕೋರಿನ ಸಾಂದ್ರತೆಯ ರಿಪೋರ್ಟ್ ಕೇಳಿ, ಮೀಟರ್ ಲೆಕ್ಕದಲ್ಲಿ ಎಲ್ಲೆಲ್ಲಿ ಕೋರ್ ತೆಗೆದದ್ದು ಅಂತ ಸಮೇತ. ಆ ದಿನದ ಸಡಿಲ ಮಾಲಿನ ಗರಿಷ್ಠ ಸಾಂದ್ರತೆ ಕೇಳಿ, ಅದಿಲ್ಲದೆ ಶೇ. 92 ಲೆಕ್ಕವೇ ಇಲ್ಲ. ಮಾಲು ಹಾಸುವಾಗಿನ ತಾಪದ ರಿಜಿಸ್ಟರ್ ಕೇಳಿ. ಡಾಮರು ಬೇರ್ಪಡಿಸಿ ಅಳೆದ ಪ್ರಮಾಣ ಕೇಳಿ. ಟಿಎಸ್‌ಆರ್ ಕೇಳಿ, ಬರೀ ಶೇಕಡಾ ಅಲ್ಲ, ಹಸಿ ಬಿಲ್ಲೆ ಒಣ ಬಿಲ್ಲೆ ಎರಡರ ಅಂಕಿಗಳೂ ಬೇಕು. ಒಣದ್ದೂ ಹಸಿಯದ್ದೂ ಎರಡೂ ಕಡಿಮೆ ಇದ್ದು ಅನುಪಾತ ಮಾತ್ರ ಶೇ. 85 ಬಂದದ್ದನ್ನು ನಾನು ನೋಡಿದ್ದೇನೆ. ಬಿರುಕಿನ ಮೇಲಿನ ಒಂದು ಕೋರನ್ನು ನಿಮ್ಮ ಎದುರೇ ತೆಗೆಯಬೇಕು ಅಂತ ಬರೆದು ಕೊಡಿ. ಫೋಟೋದಲ್ಲಿ ಸ್ಕೇಲ್ ಇಟ್ಟು ಹಿಡಿಯಿರಿ.

ಕೋರೆ ಕಪ್ಪುಕಲ್ಲು

ಇಷ್ಟೆಲ್ಲ ಕೇಳಿದರೆ ಆಫೀಸಲ್ಲಿ ಅರ್ಧ ಸಿಗುವುದಿಲ್ಲ. ಸಿಕ್ಕಿದ ಅರ್ಧವನ್ನಾದರೂ ಇಲ್ಲಿ ಹಾಕಿ, ನಾನೂ ನೋಡ್ತೇನೆ. ಮತ್ತೆ ಆ ಡೇಟಾ ಲಾಗರ್ ವಿಷಯ, ಕುಂಬಳೆಯವರೇ, ನನ್ನ ಪ್ಲಾಂಟ್ ಲ್ಯಾಬಿನ ಮಷಿನ್ ಡಿಜಿಟಲ್ಲೇ. ಕೇಬಲ್ ಉಂಟಾ ನೋಡಬೇಕು. ಮುಂದಿನ ಕೆಲಸದ ಮಾಲು ಕೊಟ್ಟರೆ ಯಾರಾದರೂ ಒಡೆದು ರೇಖೆ ಹಾಕಿ ತೋರಿಸ್ತೀರಾ? ಗುತ್ತಿಗೆಗೆ ಅಲ್ಲ, ನನ್ನ ಸ್ವಂತ ತಿಳಿವಳಿಕೆಗೆ.

ಪೆರ್ಲದ ಹುಡುಗಿ

ನಾನು ಮಾಡಿ ಕೊಡ್ತೇನೆ ಅಣ್ಣ, ನಮ್ಮ ಸರ್ ಹತ್ರ ಕೇಳಿ ಹೇಳ್ತೇನೆ. 150 ಮಿ.ಮೀ. ಬಿಲ್ಲೆ ಒಂದಕ್ಕೆ ಎರಡೂವರೆ ಕಿಲೋ ಮಾಲು ಬೇಕು, ನಾಲ್ಕು ಬಿಲ್ಲೆ ಮತ್ತು ಗರಿಷ್ಠ ಸಾಂದ್ರತೆಗೆ ಸೇರಿ 15 ಕಿಲೋ ಇರಲಿ. ಗೋಣಿಚೀಲ ಬೇಡ, ಮುಚ್ಚಳ ಇರುವ ತಗಡಿನ ಡಬ್ಬ. ಟಿಪ್ಪರಿನ ಮೂರು ನಾಲ್ಕು ಕಡೆಯಿಂದ ಸಲಿಕೆಯಲ್ಲಿ ತೆಗೆಯಿರಿ, ಒಂದೇ ರಾಶಿಯ ಬದಿಯಿಂದ ತೆಗೆದರೆ ದೊಡ್ಡ ಜಲ್ಲಿಯೇ ಬರ್ತದೆ. ಪ್ಲಾಂಟಿನಿಂದ ಹೊರಟಾಗಿನ ತಾಪ, ಡಬ್ಬಕ್ಕೆ ಹಾಕಿದಾಗಿನ ತಾಪ ಎರಡನ್ನೂ ಮುಚ್ಚಳದ ಮೇಲೆ ಬರೆಯಿರಿ. ಲ್ಯಾಬಲ್ಲಿ ಮತ್ತೆ ಕಾಯಿಸಿದರೆ ಡಾಮರು ಇನ್ನೂ ಸ್ವಲ್ಪ ಬಿಗಿಯುತ್ತದೆ. ಆಗುವುದಾದರೆ ನಿಮ್ಮ ಪ್ಲಾಂಟಲ್ಲೇ ಬಿಸಿ ಇರುವಾಗ ಮಾರ್ಷಲ್ ಮೋಲ್ಡಲ್ಲಿ ಕೆಲವು ಬಿಲ್ಲೆ ಹಾಕಿಡಿ, ಎರಡನ್ನೂ ಒಡೆದು ನೋಡುವ.

ಟಿಪ್ಪರ್ ಉಪ್ಪಳ

ಡಬ್ಬ ನನ್ನ ಗಾಡಿಯಲ್ಲಿ ಕಳಿಸಿ. ಟಾರ್ಪಾಲು ಹೊಸದು ಹಾಕಿದ್ದೇನೆ.